ಅಕ್ಕ, ತಂಗಿ, ಎರಡು ಚರ್ಚು

ಹೆಸರು, ಏರಿಯಾ, ವಯಸ್ಸು ಎಲ್ಲ ಬದಲಾಯಿಸಿದ್ದೀನಿ, ಬರೀರಿ ಅಂತ ಇಬ್ರೂ ಒಪ್ಪಿದ್ದಾರೆ.

ನನ್ನ ಹತ್ರ ಕೌನ್ಸೆಲಿಂಗ್‌ಗೆ ಮೊದಲು ಬಂದಿದ್ದು ಅಕ್ಕ. ಹುಟ್ಟಿದಾಗಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಅಂದ್ರೆ ಬ್ಯಾಪ್ಟಿಸಮ್ ಕೊಡೋ ಚರ್ಚು), ಮನೇಲಿ ಎಲ್ಲರೂ ಅದೇ. ತಂಗಿ ಎರಡು ವರ್ಷದ ಹಿಂದೆ ಹೆಣ್ಣೂರು ಕಡೆ ಒಂದು ಪೆಂತೆಕೋಸ್ತ್ ಸಭೆ (ದೊಡ್ಡೋರಾದ್ಮೇಲೆ ನಂಬಿ ತಗೊಂಡ್ರೇ ದೀಕ್ಷಾಸ್ನಾನ ಅನ್ನೋರು) ಸೇರಿ ನೀರಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತಗೊಂಡ್ರಂತೆ, ಅವತ್ತಿಂದ ಮಾತಿಲ್ಲ. ಅಮ್ಮ ಸ್ಟ್ರೋಕ್ ಆಗಿ ಲಿಂಗರಾಜಪುರದ ಮನೇಲಿ ಮಲಗಿದ್ದಾರೆ, ಬೆಳಿಗ್ಗೆ ಅಕ್ಕ ರಾತ್ರಿ ತಂಗಿ ಅಂತ ಡ್ಯೂಟಿ ಹಂಚ್ಕೊಂಡು ನೋಡ್ಕೊತಾರೆ, ಒಬ್ರು ಮೆಟ್ಟಿಲು ಇಳಿದ್ಮೇಲೇ ಇನ್ನೊಬ್ರು ಹತ್ತೋದು. ಅಕ್ಕನ ಚರ್ಚಿನ ಸಭಾಪಾಲಕರು ಪ್ರಾರ್ಥನೆ ಮಾಡಿ ಹೋದ್ರೆ ಸಂಜೆ ತಂಗಿ ಸಭೆಯ ಪಾಸ್ಟರ್ ಬಂದು ಅದೇ ಮಂಚದ ಹತ್ರ ಮತ್ತೆ ಮಾಡ್ತಾರೆ, ಅಮ್ಮ ಎರಡಕ್ಕೂ ಆಮೆನ್ ಅಂತಾರೆ ಪಾಪ.

ಮೊದಲ ಸೆಷನ್ನಲ್ಲಿ ನಾನು ತಪ್ಪು ಮಾಡ್ದೆ. ಮಗುವಿಗೆ ಕೊಡೋ ದೀಕ್ಷಾಸ್ನಾನ, ದೊಡ್ಡೋರಾದ್ಮೇಲೆ ನಂಬಿ ತಗೊಳ್ಳೋದು, ಎರಡಕ್ಕೂ ಯಾರ್ಯಾರು ಏನೇನು ಆಧಾರ ಕೊಡ್ತಾರೆ ಅಂತ ಅರ್ಧ ಗಂಟೆ ಕೊರೆದೆ. ಆಕೆ ಸುಮ್ನೆ ಕೇಳಿಸ್ಕೊಂಡು ಕೊನೆಗೆ ಒಂದೇ ಮಾತು: "ಸರ್, ಹಂಗಾದ್ರೆ ನಮ್ಮಪ್ಪ ಅವಳನ್ನ ಎತ್ಕೊಂಡು ಹೋಗಿ ಮಾಡಿಸಿದ್ದು ಸುಳ್ಳಾ?" ಅಪ್ಪ ತೀರ್ಕೊಂಡು ಹನ್ನೊಂದು ವರ್ಷ. ಜಗಳ ನೀರಿಂದಲ್ಲ ಅಂತ ಆಗ ಗೊತ್ತಾಯ್ತು ನನಗೆ.

ತಂಗಿ ಬೇರೆ ದಿನ ಬಂದ್ರು, ಅವರ ನೋವೂ ಕಮ್ಮಿಯೇನಲ್ಲ. "ನನ್ನ ಲೈಫಲ್ಲಿ ಅಷ್ಟು ದೊಡ್ಡ ದಿನ, ಅಕ್ಕ ಬರ್ಲೇ ಇಲ್ಲ."

ತಂಗಿಗೆ ಬೈಬಲ್ಲಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯ ಓದೋಕೆ ಹೇಳ್ದೆ, ಅಲ್ಲಿ ನಾನು ಪೌಲನವನು ನಾನು ಅಪೊಲ್ಲೋಸನವನು ಅಂತ ಕಿತ್ತಾಡ್ತಿದ್ದೋರಿಗೆ ಪತ್ರ ಬರೆದ ಪೌಲನೇ, ಕ್ರಿಸ್ಪ, ಗಾಯ, ಸ್ತೆಫನನ ಮನೆಯವರನ್ನ ಬಿಟ್ಟು ಬೇರೆ ಯಾರಿಗೆ ದೀಕ್ಷಾಸ್ನಾನ ಮಾಡಿಸಿದೆನೋ ನನಗೆ ಗೊತ್ತಿಲ್ಲ ಅಂತಾನಲ್ಲ, ಅದು. ಆ ಅಧ್ಯಾಯ ಆಕೆಗೆ ಬಾಯಿಪಾಠ, ಆದ್ರೂ ಆ ಸಾಲು ಹತ್ರ ನಿಂತ್ರು.

ಅಕ್ಕಂಗೆ ಅವರ ಚರ್ಚಿನ ಕಥೆಯನ್ನೇ ಹೇಳ್ದೆ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದೋರು ಸೇರಿ ಆಗಿದ್ದೇ ಸಿಎಸ್‌ಐ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಲಿ ಶುರುವಾದ ಮಾತುಕತೆ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಕೂಡಿ ಬಂತು. ಬಿಷಪ್ ಕೈಯಿಂದ ಅಭಿಷೇಕ (ಪಾದ್ರಿ ಪಟ್ಟ) ಆಗದ ಪಾದ್ರಿಗಳನ್ನೂ, ಮತ್ತೆ ಅಭಿಷೇಕ ಮಾಡಿಸ್ಕೊಳ್ಳಿ ಅನ್ನದೆ ಇದ್ದ ಹಾಗೇ ಸೇರಿಸ್ಕೊಂಡ್ರು. "ಇಪ್ಪತ್ತೆಂಟು ವರ್ಷನಾ? ಅಷ್ಟೊತ್ತಿಗೆ ಅಮ್ಮ ಇರಲ್ಲ ಸರ್" ಅಂದ್ರು, ನಗುನೂ ಬಂತು ಅಳುನೂ ಬಂತು ಆಕೆಗೆ.

ಸಲಹೆ ಸಣ್ಣದೇ. ಯಾವುದು ಸರಿ ಅಂತ ನಾನು ತೀರ್ಪು ಕೊಡಲ್ಲ ಅಂದೆ, ನೀವೂ ಸದ್ಯಕ್ಕೆ ಅದರ ಮಾತೆತ್ತಬೇಡಿ. ಚರ್ಚು ಬಿಡೋದೂ ಬೇಡ. ತಂಗಿ "ಅಪ್ಪ ಮಾಡಿಸಿದ್ದನ್ನ ನಾನು ಎಸೆದಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕು, ಅಕ್ಕ "ಅವತ್ತು ಬರಬೇಕಿತ್ತು" ಅನ್ನಬೇಕು. ಮನಸ್ಸಿಲ್ಲದಿದ್ರೆ ಹೇಳಬೇಡಿ, ಅದು ನಾಟಕ ಆಗುತ್ತೆ. ವಾರಕ್ಕೊಂದ್ಸಲ ಡ್ಯೂಟಿ ಬದಲಾಗೋ ಹೊತ್ತಲ್ಲಿ ಅಮ್ಮನ ಹತ್ರ ಇಬ್ರೂ ಕೂತು, ಸ್ವಂತ ಪ್ರಾರ್ಥನೆ ಬೇಡ (ಅದ್ರಲ್ಲೇ ಒಬ್ಬರಿಗೊಬ್ಬರು ಚುಚ್ಚೋದು!), ಯೇಸು ಕಲಿಸಿದ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ, ಅಷ್ಟು ಮಾತ್ರ.

ಮೂರು ವಾರ ತಂಗಿ ಟ್ರಾಫಿಕ್ ಅಂತ ತಪ್ಪಿಸಿದ್ರು. ನಾಲ್ಕನೇ ವಾರ ಬಂದ್ರು. ಅಮ್ಮನ ಮಾತು ಇನ್ನೂ ತೊದಲು, ಆದ್ರೆ ಆ ಪ್ರಾರ್ಥನೆ ಪೂರ್ತಿ ಹೇಳಿದ್ರಂತೆ, ಇವರಿಬ್ರಿಗಿಂತ ಒಂದು ಪದ ಹಿಂದೆ ಹಿಂದೆ. ಅಕ್ಕ ತಂಗಿಯ ಸಭೆಗೆ ಇನ್ನೂ ಕಾಲಿಟ್ಟಿಲ್ಲ. ತಂಗಿಗೆ ಊಟ ಮಾತ್ರ ಡಬ್ಬಿಗೆ ಹಾಕಿಡ್ತಾರೆ.