ಡೊಮಿನಿಯನ್ಸ್ 6 ಅನ್ನೋ ಕಂಪ್ಯೂಟರ್ ಯುದ್ಧತಂತ್ರದ ಆಟದಲ್ಲಿ ಒಪ್ಪಂದ ಮಾಡಿಕೊಂಡ ನೆರೆಯವನು ಬೆನ್ನಿಗೆ ಚೂರಿ ಹಾಕುತ್ತಾನೆ ಅಂತ ಮೊದಲೇ ತಿಳಿಯೋದು ಹೇಗೆ?

ಅವನ ಮಾತು ನೋಡಬೇಡಿ, ಗಡಿ ನೋಡಿ.

ಯುದ್ಧಕ್ಕೆ ಬರುವುದಾದರೆ ಮೂರು ಸರದಿ ಮೊದಲೇ ಹೇಳಬೇಕು ಅನ್ನೋ ಒಪ್ಪಂದ ಆಟಗಾರರಲ್ಲಿ ರೂಢಿಯಲ್ಲಿದೆ. ಆದರೆ ಬಹಳಷ್ಟು ಪಂದ್ಯಗಳಲ್ಲಿ ಅದು ಬರೀ ಬಾಯಿಮಾತು, ಮುರಿದರೆ ಆಟ ತಡೆಯುವುದಿಲ್ಲ. ಎಲ್ಲರ ಸರದಿಯೂ ಒಟ್ಟಿಗೇ ನಡೆಯುವುದರಿಂದ, ದಾಳಿ ಗೊತ್ತಾಗುವ ಹೊತ್ತಿಗೆ ಪ್ರಾಂತ್ಯ ಕೈಬಿಟ್ಟಿರುತ್ತದೆ.

ದಾವಣಗೆರೆಯಲ್ಲಿ ನಾವು ಆರು ಜನ ಗೆಳೆಯರು ಆಡುತ್ತೇವೆ. ಹೋದ ಪಂದ್ಯದಲ್ಲಿ ಒಬ್ಬ ನನಗೆ ಪ್ರತಿ ಸರದಿಗೂ ಮಂತ್ರದ ರತ್ನಗಳನ್ನು ಕಳಿಸುತ್ತಿದ್ದ. ಇದ್ದಕ್ಕಿದ್ದಂತೆ ನಿಲ್ಲಿಸಿದ. ಕೇಳಿದರೆ "ಖಾಲಿ ಆಗ್ಯಾವೆ ಬಿಡಲೇ" ಅಂದ. ಅದೇ ಸರದಿಯಲ್ಲಿ ನನ್ನ ಗೂಢಚಾರನಿಗೆ ಗಡಿಯಲ್ಲಿ ಅವನ ಎರಡು ಪಟ್ಟು ಸೈನ್ಯ ಕಂಡಿತ್ತು. ನಾನು ಅವನ ಮಾತು ನಂಬಿದೆ. ಎರಡು ಪ್ರಾಂತ್ಯ ಹೋದವು. ತುಂಬಾ ನೋವಾಯಿತು.

ನಮ್ಮ ಪಕ್ಕದ ಚಿತ್ರದುರ್ಗದ ಕಥೆಯೂ ಹೀಗೇ ಅಲ್ವಾ? ಮದಕರಿ ನಾಯಕ ಹೈದರ್ ಅಲಿ ಪರವಾಗಿ ದಂಡೆತ್ತಿ ಹೋಗಿದ್ದವನು. 1779ರಲ್ಲಿ ಅದೇ ಹೈದರ್ ಕೋಟೆ ಗೆದ್ದ.

ಗೂಢಚಾರರಿಗೆ ಖರ್ಚು ಕಡಿಮೆ, ಪ್ರತಿ ನೆರೆಯವನ ಗಡಿಯಲ್ಲೂ ಒಬ್ಬನನ್ನು ಬಿಡಿ. ಆ ನೆರೆಯವನಿಗೆ ನಿಮಗಿಂತ ಸುಲಭದ ಬೇಟೆ ಬೇರೆ ಯಾರಿದ್ದಾರೆ ಅಂತಲೂ ಲೆಕ್ಕ ಹಾಕಿ. ಯಾರೂ ಇಲ್ಲದಿದ್ದರೆ ಇವತ್ತೇ ಗಡಿಗೆ ಸೈನ್ಯ ಕಳಿಸಿ.