ಮಾಡೆಲ್ ಟಿ, ಮಸ್ಟಾಂಗ್: ಓಡಿಸಲು ಯಾವುದು ಕಷ್ಟ?

ಫೋರ್ಡ್ ಕಂಪನಿಯ ಎರಡು ಹಳೆಯ ಕಾರುಗಳನ್ನು ಓಡಿಸುವ ಅವಕಾಶ ಸಿಕ್ಕಿದೆ, ಗೇರ್ ಕಾರು ಚೆನ್ನಾಗಿ ಓಡಿಸುವವರಿಗೆ 1965ರ ಮಸ್ಟಾಂಗ್‌ನಷ್ಟೇ ಸಲೀಸಾಗಿ 1908-27ರ ಮಾಡೆಲ್ ಟಿ ಕೂಡ ಒಗ್ಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಕೈ ಪಳಗಿದವರಿಗೇ ಎಡವಟ್ಟು ಜಾಸ್ತಿ.

ಮಾಡೆಲ್ ಟಿಯಲ್ಲೂ ಮೂರು ಪೆಡಲ್ ಇವೆ, ಆದರೆ ಆಕ್ಸಿಲರೇಟರ್ ಅವುಗಳಲ್ಲಿಲ್ಲ. ಅದು ಸ್ಟೀರಿಂಗ್ ಕೆಳಗೆ ಬಲಗಡೆ ಇರುವ ಸಣ್ಣ ಲಿವರ್. ಬಲಗಡೆ ಪೆಡಲ್ ಬ್ರೇಕ್, ನಡುವಿನದು ರಿವರ್ಸ್. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಪೂರ್ತಿ ಬಿಟ್ಟರೆ ಹೈ, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್. ಗಾಬರಿಯಲ್ಲಿ ಕ್ಲಚ್ ಅಂದುಕೊಂಡು ಎಡಗಾಲು ಒತ್ತಿ ನೋಡಿ, ಗಾಡಿ ಲೋ ಗೇರಿನಲ್ಲಿ ಮುಂದಕ್ಕೇ ಹೋಗುತ್ತದೆ! ಸ್ಟೀರಿಂಗ್‌ನ ಎಡಗಡೆ ಲಿವರ್ ಸ್ಪಾರ್ಕ್ ಟೈಮಿಂಗ್‌ಗೆ, ಅಂದರೆ ಇಂಜಿನ್‌ನಲ್ಲಿ ಕಿಡಿ ಯಾವ ಕ್ಷಣ ಹೊತ್ತಬೇಕು ಅಂತ ಹೊಂದಿಸೋದಕ್ಕೆ. ಇಂಜಿನ್ ಶುರು ಮಾಡಲು ಮುಂದಿನ ಹ್ಯಾಂಡಲ್ ಕೈಯಲ್ಲಿ ತಿರುಗಿಸುವ ಮುಂಚೆ ಅದನ್ನು ಮೇಲಕ್ಕೆ ಸರಿಸಲೇಬೇಕು. ಮರೆತರೆ ಹ್ಯಾಂಡಲ್ ವಾಪಸ್ ಒದೆಯುತ್ತದೆ, ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಎಷ್ಟೋ ಮಂದಿ. ಹಳೆಯ ಮಾಡೆಲ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ, ಪಂಪ್ ಇಲ್ಲ. ಕಡಿದಾದ ಏರಿನಲ್ಲಿ ಇಂಜಿನ್ ಟ್ಯಾಂಕ್‌ಗಿಂತ ಮೇಲಾಗಿ ಅದಕ್ಕೆ ಪೆಟ್ರೋಲ್ ಹರಿಯದೆ ಜನ ರಿವರ್ಸ್‌ನಲ್ಲೇ ಗುಡ್ಡ ಹತ್ತುತ್ತಿದ್ದರು.

ಮಸ್ಟಾಂಗ್ ನಿಮಗೆ ಪರಿಚಿತ ಕಾರಿನಂತೆಯೇ ಅನ್ನಿಸುತ್ತದೆ. ಒಳಗೆ ಅದು ಬಹುಪಾಲು ಫೋರ್ಡ್‌ನ ಸಾಧಾರಣ ಕಾರು ಫಾಲ್ಕನ್ ತಾನೇ? ಆದರೆ ಮಾಡೆಲ್ ಟಿಗೆ ಇದ್ದದ್ದು 20 ಅಶ್ವಶಕ್ತಿ, 4.7 ಲೀಟರ್ ವಿ8 ಮಸ್ಟಾಂಗ್‌ಗೆ ಕನಿಷ್ಠ 200. ಇಷ್ಟಿದ್ದೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅದಕ್ಕಿಂತ ಚೆನ್ನಾಗಿ ಹಿಡಿಯುವ ಡಿಸ್ಕ್ ಬ್ರೇಕ್ ಮುಂದಿನ ಚಕ್ರಗಳಿಗೆ ಬೇಕಿದ್ದರೆ ಬೇರೆ ದುಡ್ಡು ಕೊಡಬೇಕಿತ್ತು. ಹಾಗಾಗಿ ಇಲ್ಲಿ ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ.

ಎರಡನ್ನೂ ಓಡಿಸುವ ಅವಕಾಶ ಇದೆ ಅಂದಿದ್ದೀರಲ್ವಾ, ಮಾಡೆಲ್ ಟಿಯನ್ನು ಮೊದಲು ಖಾಲಿ ಮೈದಾನದಲ್ಲಿ ಕಲಿಯಿರಿ. ಪಕ್ಕದಲ್ಲಿ ಅದರ ಮಾಲೀಕರು ಇರಲಿ.