ಮರದರಿಶಿನದ ಕಷಾಯ ಕುಡಿದರೆ ಶುಗರ್ ಇಳಿಯುತ್ತದೆಯೇ?
ಬಾಗಲಕೋಟೆಯಿಂದ ಕೇಳಿದ್ದೀರಿ. ಶಿರಸಿ ಕಡೆಯ ನೆಂಟರು ಮರದರಿಶಿನದ ಬಳ್ಳಿ ಕಡಿದು ತಂದುಕೊಟ್ಟಿದ್ದಾರೆ, ಶುಗರ್ ಮಾತ್ರೆ ತಗೊಳ್ಳುವ ತಂದೆಯವರಿಗೆ ಕಷಾಯ ಮಾಡಿ ಕೊಡಬಹುದಾ ಅಂತ.

ಬೇಡ. ಮಾತ್ರೆ ಬಿಡಿಸಿ ಇದನ್ನು ಕೊಡುವುದಂತೂ ಬೇಡವೇ ಬೇಡ. ಬೆಳಗಾವಿಯಲ್ಲಿ ನಮ್ಮದು ಗಿಡಮೂಲಿಕೆ ಅಂಗಡಿ. ಗಿರಾಕಿಗಳು ಕೇಳಿದರೂ ಇದನ್ನೇ ಹೇಳುತ್ತೇನೆ.

ಮೊದಲು ನಿಮ್ಮ ಕೈಯಲ್ಲಿರುವುದು ಅದೇನಾ ನೋಡಿ. ಅಡ್ಡ ಕೊಯ್ದರೆ ಒಳಗೆ ಗಾಢ ಹಳದಿ. ನಡುವಿನಿಂದ ಅಂಚಿಗೆ ಸೈಕಲ್ ಗಾಲಿಯ ಕಡ್ಡಿಗಳ ಹಾಗೆ ಗೆರೆಗಳು ಹೋಗಿರುತ್ತವೆ. ಚೂರು ಅಗಿದರೆ ಕಡುಕಹಿ, ಉಗುಳೂ ಹಳದಿ. ಅಡುಗೆ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಅಮೃತಬಳ್ಳಿಯ ಬಳಗ.

ಆ ಹಳದಿ ಬರುವುದು ಬರ್ಬರಿನ್ ಎಂಬ ಅಂಶದಿಂದ. ಅದಕ್ಕೆ ಶುಗರ್ ಇಳಿಸುವ ಗುಣ ಇರುವುದು ಸುಳ್ಳಲ್ಲ. 2008ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಶುಗರ್ ಬಂದ 36 ಜನರಲ್ಲಿ ಕೆಲವರಿಗೆ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್, ಉಳಿದವರಿಗೆ ಬರ್ಬರಿನ್ ಕೊಟ್ಟರು. ದಿನಕ್ಕೆ 3 ಸಲ 500 ಮಿಲಿಗ್ರಾಂ, 3 ತಿಂಗಳು. ಬರ್ಬರಿನ್ ತಗೊಂಡವರ, ಹಿಂದಿನ 2-3 ತಿಂಗಳ ಶುಗರ್ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ 9.5ರಿಂದ 7.5ಕ್ಕೆ ಇಳಿಯಿತು. ಆದರೆ ಅದು ತೂಗಿ ಕೊಟ್ಟ ಔಷಧಿ, ಜನವೂ ಕಡಿಮೆ. ನೀವು ಕುದಿಸಿದ ಚಕ್ಕೆಯಿಂದ ನೀರಿಗೆ ಎಷ್ಟು ಬಿಟ್ಟಿತು, ಯಾರಿಗೆ ಗೊತ್ತು? ಮಾತ್ರೆಯ ಜೊತೆ ಇದೂ ಸೇರಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಬೇರೆ ಕೆಲವು ಮಾತ್ರೆಗಳ ಅಂಶ ರಕ್ತದಲ್ಲಿ ಜಾಸ್ತಿ ಉಳಿಯುವ ಹಾಗೂ ಮಾಡುತ್ತದೆ. ಬಸುರಿಯರು, ಬಾಣಂತಿಯರು ಮುಟ್ಟಲೇಬಾರದು. ಕೂಸಿಗೆ ಕಾಮಾಲೆ ಏರುವ ಭಯವಿದೆ.

ನನಗೆ ಇದಕ್ಕಿಂತ ಸಂಕಟ ಆಗುವುದು ಬಳ್ಳಿಯದ್ದು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ, ಶ್ರೀಲಂಕಾದಲ್ಲಿ ದೊಡ್ಡ ಮರಗಳನ್ನು ಹತ್ತಿ ಬೆಳೆಯುತ್ತದೆ. ಹೂ ಬಿಡಲು ಸುಮಾರು 15 ವರ್ಷ ಬೇಕು ಅನ್ನುತ್ತಾರೆ. ಗಂಡು ಬಳ್ಳಿ ಬೇರೆ, ಹೆಣ್ಣು ಬೇರೆ. ಹತ್ತಿರದ ಗಂಡು ಬಳ್ಳಿ ಕಡಿದುಬಿಟ್ಟರೆ ಹೆಣ್ಣು ಇದ್ದೂ ಕಾಯಿ ಕಟ್ಟುವುದಿಲ್ಲ. ಔಷಧಿಗೆ ಬೇಕಾಗಿರುವುದು ಕಾಂಡವೇ ಆದ್ದರಿಂದ ಬುಡಕ್ಕೇ ಕತ್ತಿ ಬೀಳುತ್ತದೆ. ಕಾಡಿನಿಂದ ಕಿತ್ತದ್ದನ್ನು ಹೊರದೇಶಕ್ಕೆ ಕಳಿಸಬಾರದೆಂದು ಸರ್ಕಾರವೇ ತಡೆ ಹಾಕಿದೆ. ಹೀಗಾಗಿ ನಾವು ಇದನ್ನು ಮಾರುವುದಿಲ್ಲ.

ಗಿಡಮೂಲಿಕೆ ಬೇಕೇ ಬೇಕು ಅಂದರೆ ನಿಮ್ಮೂರಲ್ಲೇ ಬಿ.ವಿ.ವಿ. ಸಂಘದ ಆಯುರ್ವೇದ ಕಾಲೇಜಿದೆ. ತಂದೆಯವರನ್ನು ಕರ್ಕೊಂಡು ಹೋಗಿ, ಈಗ ನುಂಗುವ ಮಾತ್ರೆಗಳ ಚೀಟಿ ಸಮೇತ. ದಾರುಹರಿದ್ರ ಬರೆದುಕೊಟ್ಟರೆ ಅದು ಹಿಮಾಲಯದ ಬೇರೆ ಗಿಡ, ಆದರೆ ಅದರಲ್ಲೂ ಬರ್ಬರಿನ್ ಇದೆ. ಶುಗರ್ ನೋಡುವ ಡಾಕ್ಟರಿಗೂ ಹೇಳಿಯೇ ಶುರುಮಾಡಿ. ನೆಂಟರಿಗೂ ಒಂದು ಫೋನ್ ಮಾಡಿ, ಇನ್ನೊಂದು ತುಂಡು ಕಡಿಯಬೇಡ್ರಿ ಅನ್ನಿ.